ಕಥೆಯಲ್ಲಿ ರಾಜಕೀಯ ಇರಲಿ, ಭಾಷಣ ಬೇಡ

ಮಾನ್ಯ ಸಂಪಾದಕರೇ,

ಕಾದಂಬರಿಯಲ್ಲಿ ರಾಜಕೀಯ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕಾದಂಬರಿಕಾರ ನಿರಂಜನ ಕಮ್ಯುನಿಸ್ಟರು, ಅದನ್ನು ಮುಚ್ಚಿಡಲಿಲ್ಲ. 1943ರಲ್ಲಿ ಗಲ್ಲಿಗೇರಿದ, ಕಾಸರಗೋಡಿನ ಬಳಿಯ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರ ಕಥೆಯನ್ನು ‘ಚಿರಸ್ಮರಣೆ’ ಕಾದಂಬರಿಯಲ್ಲಿ ಬರೆದರು. ನಾನು ಯಾವ ಪಕ್ಷದವಳೂ ಅಲ್ಲ. ಆದರೂ ಆ ನಾಲ್ವರಲ್ಲಿಬ್ಬರಾದ ಅಪ್ಪು, ಚಿರುಕಂಡರಿಗಾಗಿ ಅತ್ತಿದ್ದೇನೆ.

ಮೊನ್ನೆ ಓದಿದ ಹೊಸ ಕಾದಂಬರಿ ಹಾಗಿರಲಿಲ್ಲ. ಅದರಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸು ಎರಡು ಪುಟ ಭಾಷಣ ಮಾಡುತ್ತಾಳೆ. ನಾನು ಹದಿನೆಂಟು ವರ್ಷ ಶಿಡ್ಲಘಟ್ಟದಲ್ಲಿ ಅದೇ ಕೆಲಸ ಮಾಡಿದವಳು. ಬಿಸಿನೀರಿಗೆ ಬೆರಳ ತುದಿ ಬಿಳಿಚಿಕೊಳ್ಳುತ್ತದೆ. ಎಳೆ ಕಡಿದರೆ ಹುಡುಕಿ ಸೇರಿಸಬೇಕು. ಭಾಷಣಕ್ಕೆ ಪುರುಸೊತ್ತೆಲ್ಲಿ? ನಾವು ಆಡುತ್ತಿದ್ದುದು ಕೂಲಿ, ಮಕ್ಕಳ ಫೀಸು, ಗೂಡಿನ ರೇಟು, ಸತ್ತ ಹುಳುವಿನ ವಾಸನೆ. ಅದರಲ್ಲೇ ರಾಜಕೀಯ ಇದೆ ಅಲ್ವಾ? ಲೇಖಕರು ಒಂದು ದಿನ ಬಂದು ನಮ್ಮ ಪಕ್ಕ ಕೂರಲಿ.

– ಒಬ್ಬ ಓದುಗಳು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ