ಹಸಿ ದಿಮ್ಮಿ ಬಿರುಕು ಬಿಡುವ ಮೊದಲೇ ಕಡೆಯುವವರ ಕೈಸೇರಲಿ

ಮಾನ್ಯ ಸಂಪಾದಕರೇ,

ಮುಂಗಾರುಪೂರ್ವ ಮಳೆಗಾಳಿಗೆ ಬೆಂಗಳೂರಿನಲ್ಲಿ ಪ್ರತಿ ವರ್ಷವೂ ಮರಗಳು ಉರುಳುತ್ತವೆ. ರಸ್ತೆ ತೆರವುಗೊಳಿಸುವ ಅವಸರದಲ್ಲಿ ಅವನ್ನು ತುಂಡರಿಸಿ ಬದಿಗೆ ರಾಶಿ ಹಾಕುವುದು ಸಹಜ. ಆದರೆ ಆಮೇಲೆ ವಾರಗಟ್ಟಲೆ ಬಿಸಿಲಿಗೆ ಬಿದ್ದ ದಿಮ್ಮಿಗಳು ತಿರುಳಿನಿಂದ ತೊಗಟೆಯವರೆಗೆ ಬಿರುಕು ಬಿಟ್ಟು, ಸೌದೆಗಲ್ಲದೆ ಬೇರೇನಕ್ಕೂ ಬಾರದಂತಾಗುತ್ತವೆ. ಹಸಿಯಾಗಿದ್ದಾಗಲೇ ಸಿಕ್ಕರೆ ಅವುಗಳಿಂದ ಒಂದೂವರೆ ಅಡಿ ಅಗಲದ ಬೋಗುಣಿಗಳನ್ನು ಕಡೆಯಬಹುದು.

ಒಣಮರದಿಂದ ಮಾತ್ರ ಒಳ್ಳೆಯ ಪಾತ್ರೆ ಸಾಧ್ಯವೆಂಬ ನಂಬಿಕೆ ಹಲವರಲ್ಲಿದೆ. ದೊಡ್ಡ ಬೋಗುಣಿಯ ಮಟ್ಟಿಗೆ ಅದು ಸರಿಯಲ್ಲ. ಅಷ್ಟು ದಪ್ಪದ ಮರ ಇಡಿಯಾಗಿ ಒಣಗಲು ವರ್ಷಗಳೇ ಹಿಡಿಯುತ್ತವೆ. ಹೊರಮೈ ಒಣಗಿ ಕುಗ್ಗುವಾಗ ಒಳಗು ಇನ್ನೂ ಹಸಿಯಾಗಿಯೇ ಇರುವುದರಿಂದ ಮರ ಬಿರಿಯುತ್ತದೆ. ಆದ್ದರಿಂದ ದಿಮ್ಮಿಯನ್ನು ತಿರುಳಿನ ಗುಂಟ ಉದ್ದಕ್ಕೆ ಎರಡಾಗಿ ಸೀಳಿ, ತಿರುಳನ್ನು ತೆಗೆದುಹಾಕಿ, ಹಸಿಯಲ್ಲೇ ಲೇತಿಗೆ, ಅಂದರೆ ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರಕ್ಕೆ, ಏರಿಸಬೇಕು. ಆಗ ಉಳಿ ಸೌತೆಕಾಯಿ ಹೆಚ್ಚಿದಷ್ಟು ಸಲೀಸಾಗಿ ಓಡುತ್ತದೆ. ಒದ್ದೆ ಸಿಪ್ಪೆ ಉದ್ದುದ್ದ ಪಟ್ಟಿಗಳಾಗಿ ಹೊರಬಂದು, ಮರದ ನೀರು ಕಡೆಯುವವನ ಮುಖಕ್ಕೇ ಸಿಡಿಯುತ್ತದೆ. ಈ ಮೊದಲ ಸುತ್ತಿನಲ್ಲಿ ಗೋಡೆಯ ದಪ್ಪವನ್ನು ಅಗಲದ ಹತ್ತನೇ ಒಂದು ಭಾಗದಷ್ಟು, ಅಂದರೆ 15 ಅಂಗುಲದ ಬೋಗುಣಿಗೆ ಒಂದೂವರೆ ಅಂಗುಲ ಉಳಿಸಬೇಕು. ನಾರಿನ ತುದಿಗಳು ಹೊರಗೆ ಕಾಣುವ ಎರಡು ಬದಿಗಳಿಂದಲೇ ನೀರು ಬಲುಬೇಗ ಆರಿಹೋಗುವುದರಿಂದ ಅಲ್ಲಿ ಕರಗಿಸಿದ ಮೇಣ ಸವರಿ, ಕಾಗದದ ಚೀಲದಲ್ಲಿಟ್ಟು, ಬಿಸಿಲು, ಗಾಳಿ ನೇರವಾಗಿ ತಾಗದ ಕಡೆ ಇಡಬೇಕು.

ಒಣಗುವಾಗ ಬೋಗುಣಿ ಮೊಟ್ಟೆಯಾಕಾರಕ್ಕೆ ತಿರುಗುವುದು ದೋಷವಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಮರ ಕುಗ್ಗುವ ಪ್ರಮಾಣವು ತಿರುಳಿನಿಂದ ತೊಗಟೆಯತ್ತ ಕುಗ್ಗುವುದರ ಸುಮಾರು ಎರಡರಷ್ಟಿದ್ದು, ನಾರಿನ ಉದ್ದಕ್ಕೆ ಅದು ತೀರಾ ಅಲ್ಪ. ಉಳಿಸಿದ ದಪ್ಪ ಇರುವುದೇ ಆ ಸೊಟ್ಟನ್ನು ಎರಡನೇ ಸಲ ಕಡೆದು ತೆಗೆಯಲಿಕ್ಕೆ. ಆಗಾಗ ತೂಗಿ ನೋಡುತ್ತಾ, ತೂಕ ಇಳಿಯುವುದು ನಿಂತ ಮೇಲೆ ಆ ಕೆಲಸಕ್ಕೆ ಕೈಹಾಕಬಹುದು. ಆರು ತಿಂಗಳಿಂದ ವರ್ಷದವರೆಗೆ ಕಾಯಬೇಕಾದೀತು. ಮಾವಿನಂಥ ಮರಕ್ಕೆ ಬೂಸಲೂ ಹುಳುವೂ ಬೇಗ ಹತ್ತುವುದರಿಂದ ಮಳೆಗಾಲದಲ್ಲಿ ಹೆಚ್ಚಿನ ನಿಗಾ ಬೇಕು.

ನಮ್ಮ ಬೀದಿಗಳ ಮಳೆಮರದ (ರೇನ್ ಟ್ರೀ) ಬಗ್ಗೆ ಇಲ್ಲಿ ವಿಶೇಷವಾಗಿ ಹೇಳಬೇಕು. ಕಡುಗಂದು ಒಡಲು, ಹಳದಿ ಛಾಯೆಯ ಅಂಚು ಇರುವ ಈ ಮರ ಒಣಗುವಾಗ ಕುಗ್ಗುವುದು ಬಹಳ ಕಡಿಮೆಯಾದ್ದರಿಂದ ಹವಾಯಿ ದ್ವೀಪಗಳಲ್ಲಿ ಇದರ ಬೋಗುಣಿ, ತಟ್ಟೆಗಳು ಹೆಸರುವಾಸಿಯಾಗಿವೆ. ಅದೇ ಮರ ನಮ್ಮಲ್ಲಿ ಒಲೆಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. (ಇದರ ಪುಡಿ ಮೂಗು, ಗಂಟಲನ್ನು ಕೆಣಕುತ್ತದೆ, ಮುಖಗವಸು ಇಲ್ಲದೆ ಉಜ್ಜಬಾರದು.)

ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಮರ ಕಡೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅವರ ಆಟಿಕೆಗಳಿಗೆ ಒಣಗಿಸಿದ, ಸಣ್ಣ ಗಾತ್ರದ ಹಾಲೆ ಮರ ಸಾಕಾಗುತ್ತದೆ. ದೊಡ್ಡ ಬೋಗುಣಿಗೆ ಭಾರವಾದ ಲೇತ್, ಹಸಿ ಮರದ ಅಭ್ಯಾಸ ಎರಡೂ ಬೇಕು. ಕರಕುಶಲ ಇಲಾಖೆಯವರು ಆಸಕ್ತರಿಗೆ ಈ ತರಬೇತಿ ಕೊಡಿಸಲಿ. ನಗರಾಡಳಿತವು ಉರುಳಿದ ಮರಗಳನ್ನು ಎರಡಡಿಗಿಂತ ಗಿಡ್ಡವಾಗಿ ತುಂಡರಿಸದೆ, ಒಂದೆರಡು ದಿನದೊಳಗೆ ತುದಿಗಳಿಗೆ ಮೇಣ ಬಳಿಸಿ ನೆರಳಿಗೆ ಸಾಗಿಸಲಿ. ಸೌದೆಗೆ ವಿಲೇವಾರಿ ಮಾಡುವ ಮೊದಲು ಒಂದು ವಾರ ಮರಗೆಲಸದವರಿಗೆ ಆರಿಸಿಕೊಳ್ಳಲು ಅವಕಾಶ ನೀಡಲಿ.

ಇಂತಿ,
ಮರಗೆಲಸದ ಆಸಕ್ತ, ಬೆಂಗಳೂರು