ಯುದ್ಧಕಾಲದ ನಮ್ಮ ಬಡಾವಣೆ: ಶನಿವಾರದ ನಡಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಶನಿವಾರ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಎಚ್‌ಎಎಲ್ ವಿಮಾನ ಕಾರ್ಖಾನೆಯ ಸುತ್ತಮುತ್ತ ನಡೆಸಿಕೊಂಡು ಹೋಗುತ್ತಿದ್ದೇವೆ. ವಿಷಯ ಎರಡನೇ ಮಹಾಯುದ್ಧ. ಅದು ಬೆಂಗಳೂರಿನಲ್ಲಿ ನಡೆಯಲೇ ಇಲ್ಲ, ಅಲ್ವಾ ಅಂತ ನೀವು ಕೇಳಬಹುದು. ಬಾಂಬ್ ಇಲ್ಲಿ ಬೀಳಲಿಲ್ಲ, ನಿಜ. ಆದರೂ ಯುದ್ಧಕ್ಕೆ ಬೇಕಾದ ದುಡಿಮೆ ಇಲ್ಲಿ ಜೋರಾಗಿ ನಡೆಯಿತು, ಅದರ ಬಿಸಿ ಇಲ್ಲಿನ ಅಡುಗೆಮನೆಗಳಿಗೂ ತಟ್ಟಿತು.

ಎಚ್‌ಎಎಲ್ ಹುಟ್ಟಿದ್ದೇ ಯುದ್ಧದ ನಡುವೆ, 1940ರ ಡಿಸೆಂಬರಿನಲ್ಲಿ. ಆಗಿನ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು. ಮೈಸೂರು ಸರ್ಕಾರ ಜಾಗ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು. 1943ರಲ್ಲಿ ಕಾರ್ಖಾನೆ ಅಮೆರಿಕ ಸೇನೆಯ ವಿಮಾನ ದಳದ ಕೈಗೆ ಹೋಯಿತು. ಆಮೇಲೆ ವಿಮಾನಗಳ ರಿಪೇರಿಯೇ ಇಲ್ಲಿನ ದೊಡ್ಡ ಕೆಲಸ.

ನನಗೆ ತುಂಬಾ ಇಷ್ಟದ ಭಾಗ ಬೆಳ್ಳಂದೂರು ಕೆರೆಯದು. ಕ್ಯಾಟಲೀನಾ ಎಂಬ ವಿಮಾನದ ಹೊಟ್ಟೆ ದೋಣಿಯ ಹಾಗೇ ಇರುತ್ತಿತ್ತು, ನೀರಿನ ಮೇಲೇ ಇಳಿಯುತ್ತಿತ್ತು. ರಿಪೇರಿಗೆ ಬಂದ ಕ್ಯಾಟಲೀನಾಗಳು ನಮ್ಮ ಬೆಳ್ಳಂದೂರು ಕೆರೆಗೇ ಬಂದು ಇಳಿದಿವೆ! ಇದರ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 104 ಅಡಿ. ಹೊರಡುವ ಮೊದಲು ಮಕ್ಕಳೇ ಶಾಲೆಯ ಮೈದಾನದಲ್ಲಿ ಟೇಪ್ ಹಿಡಿದು ಅಷ್ಟು ಉದ್ದಕ್ಕೆ ಸುಣ್ಣದ ಗೆರೆ ಎಳೆಯುತ್ತಾರೆ. ಅದನ್ನು ಕಣ್ಣಲ್ಲಿ ಇಟ್ಟುಕೊಂಡೇ ಅವರು ಕೆರೆಯನ್ನು ನೋಡಬೇಕು. ಇವತ್ತು ಆ ಕೆರೆ ನೊರೆಗೂ ಬೆಂಕಿಗೂ ಸುದ್ದಿಯಾಗಿದೆ. ಅದನ್ನೂ ಮಕ್ಕಳಿಂದ ಮುಚ್ಚಿಡುವುದಿಲ್ಲ. ನೀರಿನ ಹತ್ತಿರಕ್ಕೆ ಮಾತ್ರ ಯಾರನ್ನೂ ಬಿಡುವುದಿಲ್ಲ, ರಸ್ತೆ ಬದಿಯಿಂದಲೇ ನೋಡುತ್ತೇವೆ.

ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೂ ಹೋಗುತ್ತೇವೆ. ಟಿಕೆಟ್ ಶಾಲೆಯದೇ.

ಅವತ್ತು ಬೆಳಗಿನ ತಿಂಡಿ ರವೆ ಇಡ್ಲಿ. ಸುಮ್ನೆ ಆರಿಸಿದ್ದಲ್ಲ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಗೆ ಬರ ಬಂದ ಆ ಯುದ್ಧಕಾಲದಲ್ಲೇ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು ಎಂಟಿಆರ್ ಹೋಟೆಲಿನವರು ಹೇಳುತ್ತಾರೆ. ರೇಷನ್ ಬಂತು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದವು.

ಇಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ನಿಮ್ಮ ಮನೆಯಲ್ಲೋ ಊರಿನಲ್ಲೋ ಅಂಥ ಹಿರಿಯರಿದ್ದರೆ ಶನಿವಾರಕ್ಕೆ ಮೊದಲು ಮಗುವನ್ನು ಅವರ ಪಕ್ಕ ಕೂರಿಸಿ, ಅಥವಾ ಫೋನ್ ಹಚ್ಚಿಕೊಡಿ. ಇದ್ದಿಲ ಬಸ್ಸು ಹತ್ತಿದ್ದಿರಾ? ಅಕ್ಕಿ ಸಿಗದಾಗ ಏನು ಉಣ್ಣುತ್ತಿದ್ದಿರಿ? ಮನೆಯಿಂದ ಯಾರಾದರೂ ಸೈನ್ಯಕ್ಕೋ ಕಾರ್ಖಾನೆಗೋ ಹೋಗಿದ್ದರಾ? ಉತ್ತರ ಅವರು ಹೇಳಿದ ಮಾತಿನಲ್ಲೇ ಬರೆದುಕೊಂಡು ಬರಲಿ, ತಿದ್ದಬೇಡಿ. ಅವರೇ ಇಲ್ಲದಿದ್ದರೆ, ಅವರು ಹೇಳುತ್ತಿದ್ದುದು ನಿಮಗೆ ನೆನಪಿದ್ದರೂ ಸಾಕು.

ಮಕ್ಕಳು ಬೆಳಗ್ಗೆ 7 ಗಂಟೆಗೆ ಶಾಲೆಯಲ್ಲಿರಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್. ಶೂ, ಟೋಪಿ, ನೀರಿನ ಬಾಟಲಿ, ಮಾಸ್ಕ್, ಒಂದು ನೋಟ್‌ಬುಕ್ ಸಾಕು. ಜಾಸ್ತಿ ನಡೆಯಲು ಆಗದ ಮಕ್ಕಳಿದ್ದರೆ ತಿಳಿಸಿ, ಜೊತೆಯಲ್ಲೇ ಒಂದು ವ್ಯಾನ್ ಬರುತ್ತದೆ. ಬಿಡುವಿರುವ ಪೋಷಕರೂ ಬನ್ನಿ, ರಸ್ತೆ ದಾಟಿಸಲು ದೊಡ್ಡವರು ಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ,
ಮುಖ್ಯ ಶಿಕ್ಷಕಿ