ಮಂಡಕ್ಕಿ ಅಂಗಾತ ಬೀಳದ ಹಾಗೆ

ದಾವಣಗೆರೆ
ಶ್ರಾವಣದ ಎರಡನೇ ಸೋಮವಾರ

ಗೆಳೆಯಾ,

ನಿನ್ನ ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಆಫೀಸಿನಿಂದ ಬಂದು ನೋಡಿದರೆ ಆಮೆ ಗಾಜಿನ ತೊಟ್ಟಿಯ ಮೂಲೆಯಲ್ಲಿ ಅಂಗಾತ ಬಿದ್ದಿತ್ತು, ಮೇಲೆ ಮೈ ಕಾಯಿಸೋ ದೀಪ ಉರೀತಾನೇ ಇತ್ತು, ಪುಟ್ಟಿ ಅತ್ತೂ ಅತ್ತೂ ಊಟ ಬಿಟ್ಟಳು ಅಂದೆಯಲ್ಲ. ಅದೂ ಒಂದೇ ವಾರದಲ್ಲಿ ಎರಡನೇ ಸಲ. ಡಲ್ಲಾಸಿನಲ್ಲಿ ಹುಟ್ಟಿದ ಹುಡುಗಿ ತನ್ನ ಆಮೆಗೆ ಮಂಡಕ್ಕಿ ಅಂತ ಹೆಸರಿಟ್ಟಿದ್ದಾಳೆ ಅಂತ ಕೇಳಿದ ದಿನದಿಂದ ಆ ಆಮೆ ನನಗೂ ಮನೆಯದೇ ಆಗಿಬಿಟ್ಟಿದೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ, ಉಳಿದದ್ದನ್ನು ಬರೀತಿದ್ದೇನೆ.

ನಮ್ಮಜ್ಜನ ಆಮೆ ನಿನಗೆ ನೆನಪಿದೆ. ನಾಲ್ಕನೇ ಕ್ಲಾಸಿನ ದಸರಾ ರಜೆಯಲ್ಲಿ ಚಳ್ಳಕೆರೆ ಕಡೆಯ ನಮ್ಮ ಹಳ್ಳಿಗೆ ಬಂದಾಗ ನೀನೇ ಅದಕ್ಕೆ ಕುಂಬಳದ ಹೂವು ತಿನ್ನಿಸಿದ್ದೆ. ಶೇಂಗಾ ಹೊಲದಲ್ಲಿ ಸಿಕ್ಕಿತ್ತು ಅಂತ ಅಜ್ಜ ಟವಲ್ಲಿನಲ್ಲಿ ಸುತ್ತಿ ತಂದಿದ್ದ ನಕ್ಷತ್ರ ಆಮೆ. ಅದು ಹೇಗೆ ಸತ್ತಿತು ಅಂತ ನೀನು ಕೇಳಿದಾಗ ರೋಗ ಬಂತು ಅಂದಿದ್ದೆ. ರೋಗ ಅಲ್ಲ ಕಣೋ.

ಹಟ್ಟಿ ತಿಪ್ಪೇಸ್ವಾಮಿ ತೇರಿನ ದಿನ ಮನೆಮಂದಿಯೆಲ್ಲ ಬೆಳಿಗ್ಗೆಯೇ ಜಾತ್ರೆಗೆ ಹೋದೆವು. ಹಿಂದಿನ ದಿನ ನಾನು ಹಿತ್ತಲ ಬಚ್ಚಲ ಮೂಲೆಯಲ್ಲಿ, ನೀರಿನ ತೊಟ್ಟಿಗೂ ಗೋಡೆಗೂ ನಡುವೆ, ಮೂರು ಇಟ್ಟಿಗೆ ಮೆಟ್ಟಿಲ ಹಾಗೆ ಜೋಡಿಸಿದ್ದೆ. ಆಮೆ ಹತ್ತಿ ಆಚೆ ನೋಡಲಿ ಅಂತ. ಅದು ಹತ್ತಿದೆ, ಹಿಂದಕ್ಕೆ ಉರುಳಿ ಕಡಪ ಕಲ್ಲಿನ ಮೇಲೆ ಬೆನ್ನಡಿಯಾಗಿ ಬಿದ್ದಿದೆ. ಬೆಂಡು ಬತ್ತಾಸು ಹಿಡಿದು ಸಂಜೆ ಬಂದು ನೋಡಿದರೆ ಕತ್ತು ಉದ್ದಕ್ಕೆ ಚಾಚಿ ಕಲ್ಲಿಗೆ ಒತ್ತಿಕೊಂಡಿತ್ತು, ಬಾಯಂಚಿನಲ್ಲಿ ನೊರೆ ಒಣಗಿತ್ತು. ಕಲ್ಲಿನ ಮೇಲಿನ ಧೂಳಿನಲ್ಲಿ ಒಂದು ಗುರುತು ಇತ್ತು, ಬಳೆ ಒತ್ತಿ ತಿರುಗಿಸಿದ ಹಾಗೆ ದುಂಡಗೆ. ಬಿಸಿಲಲ್ಲಿ ಅಷ್ಟೂ ಹೊತ್ತು ಅಲ್ಲೇ ಗಿರಗಿರ ಸುತ್ತಿದೆ. ಕಾಲಿಗೆ ಸಿಕ್ಕಿದ್ದು ಬರೀ ಗಾಳಿ, ಬೆನ್ನಿಗೆ ಸಿಕ್ಕಿದ್ದು ನುಣ್ಣನೆ ಕಲ್ಲು. ಅಜ್ಜಿ ನೀರು ಚಿಮುಕಿಸಿದಳು. ರಾತ್ರಿ ಹೋಯಿತು. ಇಟ್ಟಿಗೆ ಇಟ್ಟವರು ಯಾರು ಅಂತ ಅಜ್ಜ ಕೇಳಲಿಲ್ಲ, ಬೇವಿನ ಮರದ ಬುಡದಲ್ಲಿ ಹೂತು ಬಂದು ಕೈ ತೊಳೆದುಕೊಂಡ.

ಅಂಗಾತ ಬಿದ್ದ ಮಾತ್ರಕ್ಕೆ ಆಮೆ ಯಾಕೆ ಸಾಯಬೇಕು ಅಂತ ಎಷ್ಟೋ ವರ್ಷ ನನಗೆ ಗೊತ್ತಿರಲಿಲ್ಲ. ಚಿಪ್ಪು ಅಂದರೆ ಆಮೆ ತೊಟ್ಟುಕೊಂಡ ಅಂಗಿಯಲ್ಲ, ಅದರ ಬೆನ್ನೆಲುಬು ಪಕ್ಕೆಲುಬುಗಳೇ ಬೆಸೆದು ಆದದ್ದು. ಹಾಗಾಗಿ ನಮ್ಮ ಹಾಗೆ ಎದೆ ಹಿಗ್ಗಿಸಿ ಉಸಿರಾಡೋಕೆ ಅದಕ್ಕೆ ಆಗಲ್ಲ. ಕಾಲಿನ ಸಂದಿಯ ಮತ್ತು ಹೊಟ್ಟೆಯ ಸ್ನಾಯುಗಳಿಂದ ಒಳಗಿನ ಅಂಗಗಳನ್ನು ಹಿಂದೆ ಮುಂದೆ ಸರಿಸಿ ಗಾಳಿ ಎಳೆದುಕೊಳ್ಳುತ್ತದೆ. ಶ್ವಾಸಕೋಶ ಇರೋದು ಬೆನ್ನ ಚಿಪ್ಪಿಗೆ ಅಂಟಿಕೊಂಡು, ಎಲ್ಲಕ್ಕಿಂತ ಮೇಲೆ. ಮಗುಚಿ ಬಿದ್ದರೆ ಕರುಳು, ಪಿತ್ತಜನಕಾಂಗದ ಭಾರವೆಲ್ಲ ಅದರ ಮೇಲೇ ಕೂರುತ್ತೆ. ನೆರಳಿದ್ದರೆ ಒಂದಷ್ಟು ಹೊತ್ತು ತಡೆದುಕೊಂಡೀತು. ಬಿಸಿಲೋ ದೀಪವೋ ನೆತ್ತಿಯ ಮೇಲಿದ್ದರೆ ತಡೆಯಲ್ಲ, ಯಾಕಂದರೆ ಅದರ ಮೈಗೆ ತನ್ನಷ್ಟಕ್ಕೆ ತಂಪಾಗೋ ಶಕ್ತಿ ತೀರಾ ಕಡಿಮೆ. ನೆರಳಿಗೆ ನಡೆದುಹೋಗೋದೇ ಮುಖ್ಯ ದಾರಿ, ಆ ದಾರಿಯೇ ಮುಚ್ಚಿಹೋಗಿರುತ್ತೆ. ಅದಕ್ಕೇ ನಿನ್ನ ಮಾತಿನಲ್ಲಿ ನನ್ನ ನಿದ್ದೆ ಕೆಡಿಸಿದ್ದು ಆ ದೀಪ.

ಹೋದ ತಿಂಗಳು ಜಗಳೂರು ಕಡೆ ಹೋಗಿದ್ದೆ. ಮಳೆ ಬಿದ್ದು ಎರಡು ದಿನ ಆಗಿತ್ತು. ಮೆಕ್ಕೆಜೋಳದ ಹೊಲದ ಬದು ಹತ್ತಿ ಬಂದ ನಕ್ಷತ್ರ ಆಮೆಯೊಂದು ನನ್ನ ಕಣ್ಣೆದುರೇ ಜಾರಿ ಸಾಲಿನೊಳಗೆ ಅಂಗಾತ ಬಿತ್ತು. ಕೈ ಮುಂದಾಯಿತು, ತಡೆದುಕೊಂಡೆ. ಮೊದಲು ಸುಮ್ಮನಿತ್ತು. ಆಮೇಲೆ ಕತ್ತು ಚಾಚಿ ನೆತ್ತಿಯನ್ನು ಹಸಿ ಮಣ್ಣಿಗೆ ಊರಿತು. ಹಿಂಗಾಲಿನ ಉಗುರು ಗಾಳಿಯಲ್ಲಿ ತಡಕಾಡಿ ತಡಕಾಡಿ ಒಂದು ಗರಿಕೆ ಬುಡಕ್ಕೆ ಸಿಕ್ಕಿಕೊಂಡಿತು. ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ಎರಡು ಸಲ ತೂಗಿ, ಒಂದು ಜಗ್ಗು ಜಗ್ಗಿದ್ದೇ ಬೋರಲಾಯಿತು. ಕೂಸು ಮೊದಲ ಸಲ ಬೋರಲು ಬಿದ್ದಾಗ ಹೆಂಗಸರೆಲ್ಲ ಕೂಗಿ ಕರೀತಾರಲ್ಲ, ಹಾಗೆ ಯಾರನ್ನಾದರೂ ಕರೀಬೇಕು ಅನ್ನಿಸ್ತು. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಅಜ್ಜನ ಆಮೆಗೆ ಒಂದು ಗರಿಕೆ ಬುಡ ಸಿಕ್ಕಿದ್ದರೆ ಸಾಕಿತ್ತು.

ನಾನು ಗಣಿತದ ಮೇಷ್ಟ್ರು, ಇದೊಂದು ಹೇಳಲೇಬೇಕು. ತಂಜಾವೂರು ಗೊಂಬೆ ಕೆಡವಿದರೂ ಎದ್ದು ನಿಲ್ಲೋದು ಅದರ ಬುಡದಲ್ಲಿ ಭಾರ ಇರೋದರಿಂದ. ಹಾಗೆ ಭಾರ ಅಡಗಿಸದೆ, ಎಲ್ಲೆಡೆ ಒಂದೇ ವಸ್ತುವಿನಿಂದ ಮಾಡಿದ, ಎಲ್ಲೂ ತಗ್ಗಿಲ್ಲದ ಆಕಾರವೊಂದು ತಾನಾಗಿಯೇ ಒಂದೇ ಭಂಗಿಗೆ ಬಂದು ನಿಲ್ಲುತ್ತೆ ಅಂತ 2006ರಲ್ಲಿ ಹಂಗೇರಿಯ ಗಾಬೋರ್ ದೊಮೊಕೊಶ್ ಮತ್ತು ಪೀಟರ್ ವಾರ್ಕೊನಿ ತೋರಿಸಿಕೊಟ್ಟರು. ಅದಕ್ಕೆ ಗೊಂಬೊಟ್ಸ್ ಅಂತ ಹೆಸರು. ಆಮೇಲೆ ಅವರೇ ಆಮೆಗಳ ಚಿಪ್ಪುಗಳನ್ನು ಅಳೆದು ನೋಡಿದಾಗ ಈ ಆಕಾರಕ್ಕೆ ತೀರಾ ಹತ್ತಿರ ಬಂದವುಗಳಲ್ಲಿ ನಮ್ಮ ನಕ್ಷತ್ರ ಆಮೆಯೂ ಒಂದು! ಗೋಪುರದಂಥ ಬೆನ್ನು, ಅರ್ಧ ಕೆಲಸ ಅದೇ ಮಾಡುತ್ತೆ. ಚಪ್ಪಟೆ ಬೆನ್ನಿನವು ಕತ್ತು ಕಾಲುಗಳ ಬಲದಿಂದಲೇ ಏಳಬೇಕು.

ನಿನ್ನ ಮಂಡಕ್ಕಿ ರಷ್ಯನ್ ಆಮೆ ಅಂದೆ. ಹೆಸರಿಗೆ ರಷ್ಯನ್, ಅದರ ಊರು ಕಜಕಸ್ತಾನ, ಉಜ್ಬೇಕಿಸ್ತಾನದ ಒಣ ಹುಲ್ಲುಗಾವಲು. ಅದರ ಜಾತಿಯವೇ ಎರಡು, 1968ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಒಕ್ಕೂಟದ ಝೋಂಡ್-5 ನೌಕೆಯಲ್ಲಿ ಚಂದ್ರನನ್ನು ಸುತ್ತಿಕೊಂಡು ಜೀವಂತ ವಾಪಸ್ ಬಂದವು, ಮನುಷ್ಯರಿಗಿಂತ ಮೊದಲು. ಪುಟ್ಟಿಗೆ ಹೇಳು. ಅದರ ಬೆನ್ನು ನಕ್ಷತ್ರ ಆಮೆಯಷ್ಟು ಎತ್ತರ ಇಲ್ಲ, ಅಗಲ ಜಾಸ್ತಿ. ಹತ್ತೋ ಚಟ ಬೇರೆ ವಿಪರೀತ. ಅಂದರೆ ಬೀಳೋದೂ ಹೆಚ್ಚು, ಏಳೋಕೆ ನೆಲದ ಆಸರೆಯೂ ಹೆಚ್ಚು ಬೇಕು.

ಆದ್ದರಿಂದ ಮೊದಲು ಆ ಗಾಜಿನ ತೊಟ್ಟಿ ಬಿಡು. ಗಾಜು ಅಂತ ಅದಕ್ಕೆ ತಿಳಿಯಲ್ಲ. ಆಚೆ ಕಾಣುತ್ತಲ್ಲ, ಹೋಗಬಹುದು ಅಂತ ದಿನವಿಡೀ ಕೆರೆಯುತ್ತೆ. ಮೂಲೆಗೆ ಬಂದರೆ ಎರಡೂ ಗೋಡೆಗೆ ಕಾಲು ಕೊಟ್ಟು ಏಣಿ ಹತ್ತಿದ ಹಾಗೆ ಹತ್ತುತ್ತೆ, ಬೀಳೋದು ಅಲ್ಲೇ. ಹಳೆ ಪುಸ್ತಕದ ಕಪಾಟನ್ನು ಮಲಗಿಸಿ ನಡುವಿನ ಹಲಗೆ ತೆಗೆದರೂ ಒಳ್ಳೆ ಮನೆ ಆಗುತ್ತೆ. ಅಷ್ಟರತನಕ ಗಾಜಿನ ಹೊರಗೆ ರಟ್ಟು ಕಟ್ಟು. ನಾಲ್ಕೂ ಮೂಲೆಗೆ ಅಡ್ಡಲಾಗಿ ಹಲಗೆ ನಿಲ್ಲಿಸಿ ಮೂಲೆಯೇ ಇಲ್ಲದ ಹಾಗೆ ಮಾಡು. ದೀಪ ಈಗಿರೋ ಮೂಲೆಯಿಂದ ಇವತ್ತೇ ಸರಿಸು, ಸಮತಟ್ಟಾದ ಬಯಲಿನ ಮೇಲೆ ಬೀಳಲಿ. ಇನ್ನೊಂದು ತುದಿ ಪೂರ್ತಿ ನೆರಳಿರಲಿ.

ನೆಲದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಕೆಳಗೆ ಹಾಸಿದ ಪೇಪರ್, ಪ್ಲಾಸ್ಟಿಕ್ ಹುಲ್ಲು ತೆಗೆದುಹಾಕು. ಗೊಬ್ಬರ, ಔಷಧಿ ಸೇರದ ತೋಟದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಒಂದು ಗೇಣು ದಪ್ಪ ತುಂಬು. ಅದಕ್ಕೆ ಅಗೆಯೋದು ಅಂದರೆ ಪ್ರಾಣ. ಅಲ್ಲಲ್ಲಿ ಹುಲ್ಲಿನ ಗಡ್ಡೆ ನೆಡು, ಮುಷ್ಟಿ ಗಾತ್ರದ ಒರಟು ಕಲ್ಲು ಅರ್ಧ ಹೂತು ಬಿಡು, ಎಲ್ಲಿ ಬಿದ್ದರೂ ಕಾಲಿಗೆ ಏನಾದರೂ ತಗಲಬೇಕು. ಕಲ್ಲು ಯಾವುದೂ ಅದರ ಬೆನ್ನಿನ ಅರ್ಧ ಎತ್ತರಕ್ಕಿಂತ ಮೇಲೇಳೋದು ಬೇಡ. ನೀರಿನ ತಟ್ಟೆಯನ್ನು ಅಂಚು ನೆಲಕ್ಕೆ ಸಮ ಬರೋ ಹಾಗೆ ಹೂಳು, ನೀರು ಗದ್ದದ ಮಟ್ಟ ದಾಟಬಾರದು. ನೀರಿನಲ್ಲಿ ಅಂಗಾತ ಬಿದ್ದರೆ ನಿಮಿಷಗಳ ಮಾತು. ಜೊತೆಗಿರಲಿ ಅಂತ ಇನ್ನೊಂದು ಆಮೆ ತರೋ ಯೋಚನೆ ಬಿಡು. ಗಂಡು ಗಂಡು ಸೇರಿದರೆ ಗುದ್ದಿ ಗುದ್ದಿ ಮಗುಚಿ ಹಾಕುತ್ತವೆ.

ಮತ್ತೆ ಬಿದ್ದದ್ದು ಕಂಡರೆ ಚಿಪ್ಪಿನ ಎರಡೂ ಪಕ್ಕ ಹಿಡಿದು ಮಗ್ಗುಲಿನಿಂದ ನಿಧಾನಕ್ಕೆ ಹೊರಳಿಸು, ತಲೆಯ ಮೇಲಿನಿಂದ ಲಾಗ ಹಾಕಿಸಬೇಡ. ಮೈ ಕಾದಿದ್ದರೆ ತಣ್ಣೀರು ಸುರೀಬೇಡ. ನೆರಳಿಗೆ ತಂದು ಉಗುರುಬೆಚ್ಚಗಿನ ನೀರಿನಲ್ಲಿ ಗದ್ದದ ಮಟ್ಟಕ್ಕೆ ಕಾಲು ಗಂಟೆ ಬಿಡು, ಪಕ್ಕದಲ್ಲೇ ಕೂತಿರು. ಬಾಯಿ ತೆರೆದು ಉಸಿರಾಡ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಕಾಲು ಸೋತಿದ್ದರೆ ಬೆಳಗಾಗಲಿ ಅಂತ ಕಾಯಬೇಡ, ಸರೀಸೃಪ ನೋಡೋ ವೈದ್ಯರ ಹತ್ತಿರ ಕರಕೊಂಡು ಹೋಗು. ಮಕ್ಕಳು ಆಟಕ್ಕೆ ಅಂತ ಮಗುಚಿ ನೋಡೋದು ಇದ್ದರೆ ಅದನ್ನೂ ನಿಲ್ಲಿಸು.

ಊರಿಗೆ ಬಂದಾಗ ನಕ್ಷತ್ರ ಆಮೆ ಕೊಡಿಸ್ತೀಯಾ ಮಾವ ಅಂತ ಪುಟ್ಟಿ ಕೇಳಿದಳಲ್ಲ. ಕೊಡಿಸಲ್ಲ. ಇಲ್ಲಿ ಅದನ್ನು ಹಿಡಿಯೋದು, ಸಾಕೋದು, ಮಾರೋದು ಎಲ್ಲವೂ ಅಪರಾಧ. ಅಜ್ಜ ಟವಲ್ಲಿನಲ್ಲಿ ಸುತ್ತಿ ತಂದಾಗಲೂ 1972ರ ವನ್ಯಜೀವಿ ಕಾಯ್ದೆ ಇತ್ತು, ನಮ್ಮ ಹಟ್ಟಿಗೆ ಅದರ ಸುದ್ದಿ ಬಂದಿರಲಿಲ್ಲ ಅಷ್ಟೇ. 2022ರ ತಿದ್ದುಪಡಿಯಲ್ಲಿ ಅದನ್ನು ಮೊದಲನೇ ಅನುಸೂಚಿಗೇ ಸೇರಿಸಿದ್ದಾರೆ, ಹುಲಿಯ ಸಾಲಿಗೆ. ಇಷ್ಟಾದರೂ ಕದ್ದು ಸಾಗಿಸೋರು ಇದ್ದಾರೆ, ಸೂಟ್‌ಕೇಸಿನಲ್ಲಿ ಕಾಲು ಕಟ್ಟಿ ತುಂಬುತ್ತಾರೆ, ಅದನ್ನು ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಅವಳನ್ನು ಮಳೆಗಾಲದಲ್ಲಿ ಕರಕೊಂಡು ಬಾ. ಜಗಳೂರಿನ ಆ ಬದುವಿಗೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ಕೂರೋಣ.

ಅತ್ತಿಗೆಗೆ ಕೇಳಿದೆ ಅಂತ ಹೇಳು. ಮಂಡಕ್ಕಿಯ ಬೆನ್ನಿನ ಎತ್ತರ ಎಷ್ಟು ಬೆರಳು ಅಂತ ಅಳೆದು ಕಳಿಸು, ಮಣ್ಣು ತುಂಬಿದ ಮೇಲೆ ನಾಲ್ಕೂ ಮೂಲೆಯ ಫೋಟೋ ಕಳಿಸು. ಇಟ್ಟಿಗೆ ಏನಾದರೂ ಇದ್ದರೆ ತೆಗೆದು ಹೊರಗಿಡು.

ನಿನ್ನ
ಗೆಳೆಯ